ಗೋವಾಕ್ಕೆ ಹೋದ ಹನ್ನೊಂದು ಮಕ್ಕಳು

ನಿವೃತ್ತಿಯ ದಿನ ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ನಿಮ್ಮ ಅನುಭವ ಹಂಚಿಕೊಳ್ಳಿ ಎಂದು ಮೈಕು ಕೊಟ್ಟರು. ಮುಂದಿನ ಸಾಲಿನಲ್ಲಿ ಮೂವರು ಸಾಹೇಬರು ಕೂತಿದ್ದರು. ಅವರಲ್ಲಿ ಇಬ್ಬರ ಬಗ್ಗೆ ನನ್ನ ಅನುಭವ ಹಂಚಿಕೊಂಡಿದ್ದರೆ ನನ್ನ ಪಿಂಚಣಿಯ ಕಾಗದ ಅಲ್ಲಿಂದ ಮುಂದೆ ಸಾಗುತ್ತಿರಲಿಲ್ಲ. ಎಲ್ಲರಿಗೂ ಶರಣು ಎಂದು ಹೇಳಿ ಕೂತುಬಿಟ್ಟೆ. ಈಗ ಪಿಂಚಣಿ ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆ. ಬರೆಯಲು ಅಡ್ಡಿಯಿಲ್ಲ.

ನಾನು ಗಿರಿಜಾ. ಬಾಗಲಕೋಟೆ ಜಿಲ್ಲೆಯ ಒಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕಾರಕೂನಳಾಗಿದ್ದೆ. ಯಾವ ತಾಲೂಕು ಎಂದು ಕೇಳಬೇಡಿ. ಹುನಗುಂದ, ಇಳಕಲ್, ಬಾದಾಮಿ ಬಸ್ಸುಗಳಲ್ಲಿ ನಿಂತು ನಿಂತು ಮೊಣಕಾಲು ಸವೆಸಿಕೊಂಡವಳು ಎಂದರೆ ಸಾಕು. ನನ್ನದು ಅಂಕಿಸಂಖ್ಯೆಯ ಮೇಜು. ತಾಲೂಕಿನ ಹೈಸ್ಕೂಲುಗಳಿಗೆ ಎಂಟನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದರು, ನಡುವೆ ಎಷ್ಟು ಮಂದಿ ಬಿಟ್ಟರು, ಎಷ್ಟು ಮಂದಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂತರು, ಎಷ್ಟು ಮಂದಿ ಪಾಸಾದರು, ಇದನ್ನೆಲ್ಲ ಕೂಡಿ ಕಳೆದು ಒಂದು ದೊಡ್ಡ ತಖ್ತೆಯಲ್ಲಿ ತುಂಬಿ ಜಿಲ್ಲೆಗೆ ಕಳಿಸಬೇಕು. ಕೆಲಸವೆಂದರೆ ಇಷ್ಟೇ. ಬಡ್ತಿಯ ಕಥೆ ಹೇಳುವುದಿಲ್ಲ. ಇಡೀ ನೌಕರಿಯಲ್ಲಿ ಒಂದೇ ಬಡ್ತಿ ಸಿಕ್ಕಿತು. ಕುರ್ಚಿಗೆ ಕೈಗಳು ಬಂದವು.

ನನಗೆ ಕೆಲಸ ಕಲಿಸಿದವರು ಹೆಡ್ ಕ್ಲಾರ್ಕ್ ನದಾಫ ಅವರು. ಕಚೇರಿಯ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದೆವು. ಬಾಗಲಕೋಟೆ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ತಖ್ತೆ ಬಿಜಾಪುರಕ್ಕೆ ಹೋಗುತ್ತಿತ್ತು. ಎರಡು ಮೇಜು ಕೂಡಿಸಿ ಹಾಸಿದರೂ ಅಂಚು ಕೆಳಗೆ ಜೋತುಬೀಳುವಂಥ ಕಾಗದ. ಅದಕ್ಕೆ ಸ್ಕೇಲಿಟ್ಟು ಗೆರೆ ಎಳೆಯುವುದರಲ್ಲೇ ನನ್ನ ಮೊದಲ ತಿಂಗಳು ಮುಗಿಯಿತು. ಚಾಚಾ ಕನ್ನಡಕ ಏರಿಸಿ ನೋಡಿ ಹೇಳಿದರು:

"ಗೆರಿ ಚಂದ ಬಂದಾವು ನೋಡವಾ. ಇನ್ನ ಅದರಾಗ ಸುಳ್ಳು ತುಂಬೂದು ಕಲಿಸ್ತೇನಿ."

ನಗೆಯಾಡಿದರು ಎಂದುಕೊಂಡೆ. ಅವರು ನಗೆಯಾಡಿರಲಿಲ್ಲ.

ಮೊದಲ ಪಾಠ ಜನ್ಮದಿನಾಂಕದ್ದು. ನಮ್ಮ ಭಾಗದಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ತಾಯಿ ಮಗುವನ್ನು ಶಾಲೆಗೆ ಕರೆತರುತ್ತಾಳೆ. ಹುಟ್ಟಿದ್ದು ಯಾವಾಗ ಎಂದು ಮಾಸ್ತರು ಕೇಳುತ್ತಾರೆ. ಕಾರಹುಣ್ಣಿಮೆ ಮುಗಿದು ಎಮ್ಮೆ ಈದಿತಲ್ಲ, ಅದರ ಮರುವಾರ ಎಂದು ಆಕೆ ಖಚಿತವಾಗಿ ಹೇಳುತ್ತಾಳೆ. ಮಾಸ್ತರು ತಲೆಯಾಡಿಸಿ ಜೂನ್ ಒಂದು ಎಂದು ಬರೆದುಕೊಳ್ಳುತ್ತಾರೆ. ಹೀಗೆ ಬರೆಯುತ್ತ ಬರೆಯುತ್ತ ಒಬ್ಬ ಮಾಸ್ತರು ಒಂದೇ ಮನೆಯ ಅಕ್ಕನಿಗೆ ಜೂನ್ ಒಂದು, ತಮ್ಮನಿಗೆ ಅದೇ ವರ್ಷದ ಅಕ್ಟೋಬರ್ ಒಂದು ಎಂದು ಬರೆದಿದ್ದರು. ನಾಲ್ಕು ತಿಂಗಳಿಗೆ ಎರಡು ಹೆರಿಗೆ ಹೇಗೆ ಎಂದು ಬಿಜಾಪುರದಿಂದ ವಿವರಣೆ ಕೇಳಿ ಕಾಗದ ಬಂತು. ಚಾಚಾ ಉತ್ತರ ಬರೆದರು: ಸದರಿ ತಾಯಿಯನ್ನು ವಿಚಾರಿಸಲಾಗಿ ಎರಡೂ ಮಕ್ಕಳು ತನ್ನವೇ ಎಂದು ಖಚಿತಪಡಿಸಿರುತ್ತಾಳೆ. ಅಲ್ಲಿಗೆ ಕಡತ ಮುಗಿಯಿತು.

ಎರಡನೆಯ ಪಾಠ ಆವಕ ರಜಿಸ್ಟರಿನದು, ಎಂದರೆ ಕಚೇರಿಗೆ ಬಂದ ಕಾಗದಗಳನ್ನು ನಂಬರು ಹಾಕಿ ಬರೆದುಕೊಳ್ಳುವ ಪುಸ್ತಕದ್ದು. ಆವಕ ನಂಬರು ಬೀಳದ ಕಾಗದ ಹುಟ್ಟೇ ಇಲ್ಲ, ನಂಬರು ಬಿದ್ದ ಕಾಗದವನ್ನು ಸಾಹೇಬರಲ್ಲ, ಅವರ ಅಪ್ಪ ಬಂದರೂ ಸಾಯಿಸಲಾಗುವುದಿಲ್ಲ ಎಂದು ಚಾಚಾ ಹೇಳಿದ್ದರು. ಅದನ್ನು ಉಪಯೋಗಿಸಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಅಷ್ಟರಲ್ಲಿ ತಪ್ಪುಗಳನ್ನು ಧಾರಾಳವಾಗಿ ಮಾಡಿದೆ. ಎಲ್ಲಕ್ಕಿಂತ ದೊಡ್ಡದನ್ನು ಹೇಳುತ್ತೇನೆ. ಬಾಗಲಕೋಟೆ ಜಿಲ್ಲೆಯಾದ ಮೇಲಿನ ಮಾತು. ಹಿಂದಿನ ವರ್ಷ ಬಿದ್ದು ಈ ವರ್ಷ ಮತ್ತೆ ಬರೆದ ಮಕ್ಕಳನ್ನು ನಾನು ಪಾಸಾದವರ ಅಂಕಣದಲ್ಲಿ ಸೇರಿಸಿದೆ, ಪರೀಕ್ಷೆಗೆ ಕೂತವರ ಅಂಕಣದಲ್ಲಿ ಸೇರಿಸಲು ಮರೆತೆ. ಹೀಗಾಗಿ ಒಂದು ಶಾಲೆಯಲ್ಲಿ ಪರೀಕ್ಷೆ ಬರೆದವರಿಗಿಂತ ಪಾಸಾದವರು ಹೆಚ್ಚಾದರು. ಆಗಿನ ಸಾಹೇಬರು ಬಾಗಲಕೋಟೆಯ ಸಭೆಯಲ್ಲಿ ಎದ್ದು ನಿಂತು ನೂರನ್ನು ದಾಟಿದ ಆ ಶೇಕಡಾವಾರು ಅಂಕಿಯನ್ನು ಗಟ್ಟಿಯಾಗಿ ಓದಿದರು. ಸಭೆ ಚಪ್ಪಾಳೆ ತಟ್ಟಿತು. ಪಕ್ಕದ ತಾಲೂಕಿನವರು ಬಂದು ಕೈಕುಲುಕಿ, ನಮಗೂ ಸ್ವಲ್ಪ ಗುಟ್ಟು ಹೇಳಿ ಎಂದರು. ಮಿರ್ಚಿ ಭಜಿ ತಿನ್ನುವಾಗ ಯಾರೋ ಒಬ್ಬ ಗಣಿತದ ಮಾಸ್ತರಿಗೆ ಭಜಿ ಗಂಟಲಲ್ಲಿ ಸಿಕ್ಕಿತು. ಹಿಂದಿರುಗುವಾಗ ಜೀಪಿನಲ್ಲಿ ಸಾಹೇಬರು ಊರು ಮುಟ್ಟುವವರೆಗೆ ನನ್ನೊಡನೆ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, ನೀವು ಕೂಡುವುದನ್ನು ಯಾವ ಶಾಲೆಯಲ್ಲಿ ಕಲಿತಿರಿ ಎಂದು ಕೇಳಿದರು. ಅವರು ಓದಿದ ಶಾಲೆಯಲ್ಲೇ ಕಲಿತಿದ್ದೆ, ಆದರೆ ಹೇಳಲಿಲ್ಲ.

ಅಂಕಿ ದೊಡ್ಡದಾಗಿದ್ದರೆ ಯಾರೂ ಮರುಕೂಡಿ ನೋಡುವುದಿಲ್ಲ ಎಂದು ಅಂದು ತಿಳಿಯಿತು. ಆ ತಿಳಿವಳಿಕೆಯಿಂದ ನನಗೆ ಒಳ್ಳೆಯ ಬುದ್ಧಿ ಬರಬೇಕಿತ್ತು, ಸೋಮಾರಿತನ ಬಂತು.

ಆಮೇಲೆ ಕಂಪ್ಯೂಟರ್ ಬಂತು. ಪ್ರತಿ ಮಗುವಿಗೂ ಒಂದು ನಂಬರು, ಇನ್ನು ಮೇಲೆ ಒಂದು ಮಗುವೂ ಲೆಕ್ಕ ತಪ್ಪುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದರು. ಯಂತ್ರದ ನಿಯಮ ಚೆನ್ನಾಗಿತ್ತು. ಮಗುವಿನ ಹೆಸರು ತೆಗೆಯಬೇಕೆಂದರೆ ಕಾರಣ ಆರಿಸಬೇಕು. ಕಾರಣಗಳ ಪಟ್ಟಿಯನ್ನೂ ಅದೇ ಕೊಡುತ್ತಿತ್ತು: ಮರಣ, ಬೇರೆ ಶಾಲೆ, ಗುಳೆ, ಹೀಗೆ. ಮಾಸ್ತರರಿಗೆ ಈ ಮಗು ಬೇಡವಾಗಿದೆ ಎಂಬ ಕಾರಣ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಎಲ್ಲರೂ ಗುಳೆಯನ್ನೇ ಒತ್ತುತ್ತಿದ್ದರು. ಗುಳೆ ಎಂದರೆ ದುಡಿಯಲು ಊರು ಬಿಟ್ಟು ಹೋಗುವುದು. ನಮ್ಮ ಕಡೆಯ ಜನ ಹೆಚ್ಚಾಗಿ ಗೋವಾಕ್ಕೆ ಹೋಗುತ್ತಾರೆ, ಅದು ನಿಜವೇ. ಆದರೆ ನಮ್ಮ ದಾಖಲೆಯಲ್ಲಿ ಹೋದಷ್ಟು ಮಕ್ಕಳು ನಿಜಕ್ಕೂ ಹೋಗಿದ್ದರೆ ಗೋವಾದ ಸಮುದ್ರದ ದಂಡೆಯಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸಹಿ ಮಾಡಿದವಳು ನಾನು. ಈಗ ಆ ಕಥೆಗೆ ಬರುತ್ತೇನೆ.

ನಮ್ಮ ತಾಲೂಕಿನಲ್ಲಿ ಒಬ್ಬ ಹೆಡ್ ಮಾಸ್ತರರಿದ್ದರು. ಅವರ ಹೈಸ್ಕೂಲಿನ ಫಲಿತಾಂಶ ಪ್ರತಿ ವರ್ಷ ನೂರಕ್ಕೆ ನೂರು. ಅವರನ್ನು ಎಲ್ಲರೂ ನೂರರ ಮಾಸ್ತರು ಎಂದೇ ಕರೆಯುತ್ತಿದ್ದರು. ವರ್ಷಕ್ಕೊಂದು ಶಾಲು ಹೊದಿಸಿಕೊಂಡು ಹೊದಿಸಿಕೊಂಡು ಅವರ ಮನೆಯಲ್ಲಿ ಹಾಸಿಗೆಯ ಕೊರತೆ ನೀಗಿತ್ತು ಎಂದು ಕಚೇರಿಯಲ್ಲಿ ನಗುತ್ತಿದ್ದೆವು. ಒಂದು ವರ್ಷ ಶಾಲೆಗಳು ಶುರುವಾದ ಮೇಲೆ ಅವರ ಶಾಲೆಯಿಂದ ಹತ್ತನೆಯ ತರಗತಿಗೆ ಬಾರದ ಹನ್ನೊಂದು ಮಕ್ಕಳ ಪಟ್ಟಿ ಬಂತು. ಎಲ್ಲರ ಮುಂದೆಯೂ ಗುಳೆ, ಗೋವಾ ಎಂದಿತ್ತು. ನಿಯಮದ ಪ್ರಕಾರ ನಾವು ಮನೆಮನೆಗೆ ಹೋಗಿ ನೋಡಿ, ಖರೆಯೆಂದು ಬರೆಯಬೇಕು. ನೋಡಬೇಕಾದವರ ಹುದ್ದೆ ಖಾಲಿ ಇದ್ದುದರಿಂದ ಆ ಕೆಲಸವನ್ನು ಕಾರಕೂನರಿಗೆ ಹಂಚಿದ್ದರು. ನನ್ನ ಪಾಲಿಗೆ ಬಂದ ಶಾಲೆಗಳಲ್ಲಿ ಇದೂ ಒಂದು. ಸಾಹೇಬರು ಸಂಜೆಯೊಳಗೆ ಎಲ್ಲ ಪಟ್ಟಿ ಜಿಲ್ಲೆಗೆ ಹೋಗಲಿ ಎಂದರು. ನನ್ನ ಡ್ರಾವರಿನಲ್ಲಿ 'ಸ್ಥಳ ಪರಿಶೀಲಿಸಲಾಗಿದೆ' ಎಂಬ ರಬ್ಬರ್ ಸಿಕ್ಕಾ ಇತ್ತು. ಕುರ್ಚಿಯಿಂದ ಏಳದೆ ಹನ್ನೊಂದು ಸಲ ಹೊಡೆದು, ಕೆಳಗೆ ಸಹಿ ಮಾಡಿದೆ. ಹೊಡೆಯುವಾಗ ಒಂದು ಹೆಸರು ನೋಡಿ ನಕ್ಕೆ. ಅಕ್ಕನಾಗಮ್ಮ ಎಂದು ಇರಬೇಕಾದಲ್ಲಿ ಅಕ್ಕನಗಮ್ಮ ಎಂದು ಟೈಪಾಗಿತ್ತು. ಅಕ್ಕ ನಗಮ್ಮ ಎಂದು ಓದಿಕೊಂಡು ಪಕ್ಕದ ಮೇಜಿನವರಿಗೂ ತೋರಿಸಿ ನಗಿಸಿದೆ.

ಪಂಚಮಿ ಹತ್ತಿರ ಬಂತು. ತಂಗಿಯ ಮಗಳಿಗೆ ಒಂದು ಸೀರೆ ಕೊಡಬೇಕೆಂದು ಒಂದು ಭಾನುವಾರ ಇಳಕಲ್ಲಿಗೆ ಹೋದೆ. ಅಂಗಡಿಗೆ ಹೋಗುವ ರೂಢಿ ನನಗಿಲ್ಲ. ಗಂಗವ್ವ ಎಂಬ ನೇಕಾರ ಹೆಂಗಸಿನ ಮನೆಯಲ್ಲೇ ಕೊಳ್ಳುತ್ತಿದ್ದೆ. ಪಡಸಾಲೆಯಲ್ಲಿ ಮಗ್ಗ, ಅದರ ಪಕ್ಕ ಒಬ್ಬ ಹುಡುಗಿ ರಾಟೆ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಗಂಗವ್ವ ಅವಳಿಗೆ, ಅಕ್ಕನಾಗವ್ವಾ, ಒಳಗಿನಿಂದ ಆ ಕೆಂಪು ಸೆರಗಿನ ಸೀರೆ ತಾ ಎಂದಳು.

ಅಂಥ ಹೆಸರು ಒಂದು ತಾಲೂಕಿನಲ್ಲಿ ಇಬ್ಬರಿಗೆ ಇರುವುದಿಲ್ಲ. ಹುಡುಗಿ ಸೀರೆ ತಂದು ಮುಂದಿಟ್ಟಾಗ ಊರು ಯಾವುದೆಂದು ಕೇಳಿದೆ. ನೂರರ ಮಾಸ್ತರರ ಶಾಲೆಯ ಊರನ್ನೇ ಹೇಳಿದಳು. ನನ್ನ ಬಾಯಿಂದ ನೆಟ್ಟಗೆ ಬಂದದ್ದು ಒಂದೇ ಪ್ರಶ್ನೆ.

"ಗೋವಾದಿಂದ ಯಾವಾಗ ಬಂದಿ?"

ಹುಡುಗಿ ಗಂಗವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ನಾ ಗೋವಾ ಕಂಡೇ ಇಲ್ಲರಿ ಅಕ್ಕಾರ. ಬಸ್ಸಿನ ಬೋರ್ಡ್ ಮ್ಯಾಲ ಬರದದ್ದು ನೋಡೀನಿ ಅಷ್ಟ."

ಗಂಗವ್ವ ಅವಳ ಚಿಗವ್ವ, ಎಂದರೆ ಚಿಕ್ಕಮ್ಮ. ಉಳಿದದ್ದನ್ನು ಅವಳೇ ಹೇಳಿದಳು. ಒಂಬತ್ತನೆಯ ತರಗತಿ ಮುಗಿದ ಮೇಲೆ ಹೆಡ್ ಮಾಸ್ತರು ಹುಡುಗಿಯ ತಾಯಿಯನ್ನು ಕರೆಸಿದ್ದರಂತೆ. ಗಣಿತ ಬರುವುದಿಲ್ಲ, ಹತ್ತನೆಯದರಲ್ಲಿ ಬೀಳುತ್ತಾಳೆ, ಬಿದ್ದರೆ ಮಾನ ಹೋಗುತ್ತದೆ, ಒಂದು ವರ್ಷ ಮನೆಯಲ್ಲಿರಲಿ, ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿದರಾಯಿತು ಎಂದರಂತೆ. ಮಾಸ್ತರರು ಹೇಳಿದ ಮೇಲೆ ಮುಗಿಯಿತು ಎಂದು ತಾಯಿ ಅವಳನ್ನು ಇಲ್ಲಿಗೆ ಕಳಿಸಿದ್ದಳು. ಇಷ್ಟರಲ್ಲಿ ಹುಡುಗಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಾನು ಕೇಳಿದೆ, ನಿನಗೆ ಶಾಲೆಗೆ ಹೋಗಬೇಕು ಅನ್ನಿಸುತ್ತದೆಯೇ ಎಂದು. ಅವಳು ಮತ್ತೆ ರಾಟೆಯ ಮುಂದೆ ಕೂತು ನೂಲು ಸುತ್ತತೊಡಗಿದಳು.

"ದಿನಾ ಮುಂಜಾನಿ ಸಾಲಿ ಹುಡುಗ್ಯಾರು ಇದ ಓಣ್ಯಾಗ ಹಾದು ಹೋಗ್ತಾರ್ರಿ," ಎಂದಳು. "ಆವಾಗ ನಾ ಒಳಗ ಹೋಗ್ತೇನಿ."

ನಾನು ಸೀರೆ ಕೊಳ್ಳದೆ ಎದ್ದೆ. ಬಣ್ಣ ಇಷ್ಟವಾಗಲಿಲ್ಲವೆಂದು ಗಂಗವ್ವ ಸಿಟ್ಟಾದಳು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಪರೀಕ್ಷೆಗೆ ಕೂರಬೇಕಾದರೆ ಇಂತಿಷ್ಟು ದಿನದ ಹಾಜರಿ ಇರಲೇಬೇಕು. ಶಾಲೆ ಶುರುವಾಗಿ ಆಗಲೇ ಎರಡು ತಿಂಗಳಾಗಿತ್ತು. ಇನ್ನು ಎರಡು ವಾರ ಹೋದರೆ ಆ ವರ್ಷ ಅವಳು ಎಷ್ಟು ಓದಿದರೂ ಪರೀಕ್ಷೆಗೆ ಕೂರುವಂತಿರಲಿಲ್ಲ. ಒಮ್ಮೆ ಮಗ್ಗಕ್ಕೆ ಕೂತ ಹುಡುಗಿ ಮರುವರ್ಷ ಎದ್ದು ಬರುವುದನ್ನು ನಾನು ನನ್ನ ನೌಕರಿಯಲ್ಲಿ ಹೆಚ್ಚು ಕಂಡಿರಲಿಲ್ಲ.

ಮರುದಿನ ಅರ್ಧ ರಜೆ ಹಾಕಿ ಆ ಊರಿಗೆ ಹೋದೆ. ಹುಡುಗಿಯ ತಾಯಿ ಶಾವಂತ್ರವ್ವ ಹೊಲದಿಂದ ಆಗಷ್ಟೇ ಬಂದಿದ್ದಳು. ಮಗಳ ಹೆಸರು ತೆಗೆಯಿರಿ ಎಂದು ನೀನು ಶಾಲೆಗೆ ಅರ್ಜಿ ಕೊಟ್ಟಿದ್ದೀಯಾ ಎಂದರೆ, ಅರ್ಜಿ ಎಂದರೆ ಏನು ಎಂದಳು. ನಿನಗೆ ಸಹಿ ಬರುತ್ತದೆಯೇ ಎಂದೆ. ಅವಳಿಗೆ ಅವಮಾನವಾದಂತಾಯಿತು. ಮಹಿಳಾ ಸಂಘದಲ್ಲಿ ಕಲಿತಿದ್ದೇನೆ ಎನ್ನುತ್ತ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ನನ್ನ ಬಸ್ ಟಿಕೆಟ್ಟಿನ ಹಿಂದೆ ಪೂರ್ತಿ ಹೆಸರನ್ನು ತಲೆಕಟ್ಟು ಒತ್ತು ಬಿಡದೆ ಬರೆದುಕೊಟ್ಟಳು.

ಅಲ್ಲಿಂದ ಶಾಲೆಗೆ ಹೋಗಿ ಆ ಹನ್ನೊಂದು ಮಕ್ಕಳ ಅರ್ಜಿ ತೋರಿಸಿ ಎಂದೆ. ನೂರರ ಮಾಸ್ತರು ಚಹಾ ತರಿಸಿದರು. ಅವರು ಕೆಟ್ಟವರಾಗಿ ಕಾಣುತ್ತಿರಲಿಲ್ಲ; ದಿನವೂ ಮೊದಲು ಬಂದು ಕೊನೆಗೆ ಹೋಗುವ, ಸ್ವತಃ ಗಣಿತ ಕಲಿಸುವ ಮನುಷ್ಯ. ಅರ್ಜಿಗಳ ಗಂಟು ಬಿಚ್ಚಿ ನನ್ನ ಮುಂದಿಟ್ಟರು. ಶಾವಂತ್ರವ್ವನ ಹೆಸರಿನ ಅರ್ಜಿಯ ಕೆಳಗೆ ದಪ್ಪನೆಯ ಹೆಬ್ಬೆಟ್ಟಿನ ಗುರುತು ಇತ್ತು. ಇನ್ನೂ ನಾಲ್ಕು ಅರ್ಜಿಗಳಲ್ಲಿ ಅದೇ ಹೆಬ್ಬೆಟ್ಟು ಇದ್ದಂತೆ ನನಗೆ ಕಂಡಿತು. ನಾನು ಬಸ್ ಟಿಕೆಟ್ಟನ್ನು ಅದರ ಪಕ್ಕಕ್ಕಿಟ್ಟೆ. ಅವರು ಎರಡನ್ನೂ ನೋಡಿ ಅರ್ಜಿಗಳ ಗಂಟನ್ನು ಮತ್ತೆ ಕಟ್ಟಿದರು.

"ಮೇಡಂ, ನೂರು ತರ್ರಿ ಅಂತ ಸರ್ಕ್ಯುಲರ್ ಕಳಸೂವ್ರು ಯಾರು? ನೀವ. ಬೀಳೂವ್ರನ್ನ ಇಟಗೊಂಡು ನೂರು ಹೆಂಗ ತರ್ಲಿ ಹೇಳ್ರಿ. ಒಂದು ಹುಡುಗ ಬಿದ್ರ ನೋಟಿಸು, ಮ್ಯಾಲ ಸಭಾದಾಗ ನಿಂದ್ರಿಸಿ ಬೈತಾರ. ಬಿಟ್ಟು ಹ್ವಾದ್ರ ಯಾರೂ ಕೇಳೂದಿಲ್ಲ. ನೀವೂ ಕೇಳಲಿಲ್ಲ." ನಾನು ಒಯ್ದಿದ್ದ ಪಟ್ಟಿಯ ನಕಲಿನ ಕೆಳಗಿನ ನನ್ನ ಸಹಿಯ ಮೇಲೆ ಬೆರಳಿಟ್ಟರು. "ಇದ ನಿಮ್ಮದ ಹೌದಲ್ಲರಿ?"

ಹೌದೆಂದೆ. ಚಹಾ ಕುಡಿಯದೆ ಬಂದೆ.

ಆಮೇಲೆ ಎರಡು ದಿನ ನಾನು ಏನೂ ಮಾಡಲಿಲ್ಲ. ಇದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ, ಕಚೇರಿಗೆ ಹೊಸದಾಗಿ ಬಂದವರೂ ಇದನ್ನು ಓದುತ್ತೀರಿ. ಬೇರೆಯವರ ತಪ್ಪಾಗಿದ್ದರೆ ಮೊದಲ ದಿನವೇ ಹಲಗೆ ಬಾರಿಸುತ್ತಿದ್ದೆ. ಇದರಲ್ಲಿ ನನ್ನ ಸುಳ್ಳು ಸಹಿ ಇತ್ತು. ಸಸ್ಪೆಂಡ್ ಆದರೆ ಓಣಿಯ ಜನ ಏನೆನ್ನುತ್ತಾರೆ, ತಂಗಿಯ ಬೀಗರು ಏನೆನ್ನುತ್ತಾರೆ ಎಂದು ಯೋಚಿಸುತ್ತ ಕೂತೆ. ಹುಡುಗಿಗೆ ಹೊರಗಿನಿಂದ ಪರೀಕ್ಷೆ ಕಟ್ಟಿಸಿದರಾಯಿತು, ಫೀ ನಾನೇ ಕೊಡುತ್ತೇನೆ ಎಂದು ಒಂದು ಅಗ್ಗದ ದಾರಿಯನ್ನೂ ಹುಡುಕಿಕೊಂಡೆ. ಆದರೆ ಉಳಿದ ಹತ್ತು ಮಕ್ಕಳು? ಅವರಲ್ಲಿ ಯಾರು ಯಾವ ಓಣಿಯಲ್ಲಿ ಯಾವ ಹೊತ್ತಿಗೆ ಒಳಗೆ ಹೋಗಿ ಕೂರುತ್ತಿದ್ದರೋ ನನಗೆ ಗೊತ್ತಿರಲಿಲ್ಲ. ಮೂರನೆಯ ದಿನ ಒಂದು ಕಾಗದ ತೆಗೆದುಕೊಂಡು ಬರೆದೆ: ಈ ಹನ್ನೊಂದು ಮಕ್ಕಳ ಮನೆಗೆ ನಾನು ಹೋಗಿರುವುದಿಲ್ಲ, ಹೋಗದೆ ಸಹಿ ಮಾಡಿರುತ್ತೇನೆ, ಒಬ್ಬ ವಿದ್ಯಾರ್ಥಿನಿ ಇಳಕಲ್ಲಿನಲ್ಲೇ ಇರುವುದನ್ನು ಕಣ್ಣಾರೆ ಕಂಡಿರುತ್ತೇನೆ, ಅವಳ ತಾಯಿಯ ಹೆಸರಿನ ಅರ್ಜಿ ಅವಳದಲ್ಲ, ಪಟ್ಟಿಯನ್ನು ಮರುಪರಿಶೀಲಿಸಬೇಕು.

ಅದನ್ನು ಸಾಹೇಬರ ಕೋಣೆಗೆ ಒಯ್ಯಲಿಲ್ಲ. ನೇರವಾಗಿ ಆವಕ ಮೇಜಿಗೆ ಹೋಗಿ ನಂಬರು ಹಾಕಿಸಿದೆ. ಆಮೇಲೆ ಒಳಗೆ ಹೋದೆ.

ಸಾಹೇಬರು ಓದಿದರು. ಸಭೆಯಲ್ಲಿ ನೂರು ದಾಟಿದ ಅಂಕಿ ಓದಿದ್ದವರಲ್ಲ, ಇವರು ಬಂದು ಎರಡು ವರ್ಷವಾಗಿತ್ತು. ಒರಟು ಮಾತಿನವರಲ್ಲ, ಸಿಟ್ಟು ಬಂದರೆ ಕನ್ನಡಕ ಒರೆಸುತ್ತಿದ್ದರು. ಅಂದು ಬಹಳ ಹೊತ್ತು ಒರೆಸಿದರು.

"ಗಿರಿಜಮ್ಮ, ಮೊದಲ ನನ್ನ ಹತ್ರ ಬರಬೇಕಿತ್ತು."

"ಬಂದಿದ್ರ ಈ ಕಾಗದಕ್ಕ ನಂಬರ್ ಬೀಳ್ತಿರಲಿಲ್ಲರಿ ಸರ್."

"ಇದು ನಿಮ್ಮ ಮ್ಯಾಲೂ ಬರ್ತೈತಿ. ತಿಳೀತಿಲ್ಲೊ?"

"ತಿಳದ ಬರದೇನ್ರಿ."

ಜಿಲ್ಲೆಯಲ್ಲಿ ನಮ್ಮ ತಾಲೂಕು ಮೇಲೆ ಬರಬೇಕೆಂದು ಅವರು ಪಟ್ಟ ಪಾಡು ನನಗೆ ಗೊತ್ತಿತ್ತು. ನಾನು ಏನು ಮಾಡಿದ್ದೆನೆಂದರೆ ಅವರ ಏಣಿಯ ಬುಡದ ಮೆಟ್ಟಿಲನ್ನು ಎಳೆದಿದ್ದೆ. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಕೇಳಿದ್ದು ಬೇರೆ.

"ಹಾಜರಿಗೆ ಇನ್ನ ಎಷ್ಟು ದಿನ ಅವಕಾಶ ಐತಿ?"

ಹೇಳಿದೆ. ಅವರು ಎದ್ದು ಜೀಪು ತೆಗೆಯಲು ಹೇಳಿದರು. ಹೋಗುವ ಮುನ್ನ ಟೈಪಿಸ್ಟನನ್ನು ಕರೆದು ಎರಡು ನೋಟಿಸಿಗೆ ಹೇಳಿದರು. ಒಂದು ಹೆಡ್ ಮಾಸ್ತರರಿಗೆ, ಒಂದು ನನಗೆ. ನನ್ನ ನೋಟಿಸನ್ನು ನಾನೇ ಜಾವಕ ಮಾಡಿ, ಎಂದರೆ ಹೊರಹೋಗುವ ಕಾಗದಗಳ ಪುಸ್ತಕದಲ್ಲಿ ನಂಬರು ಹಾಕಿ, ನಾನೇ ಸಹಿ ಮಾಡಿ ತೆಗೆದುಕೊಂಡೆ. ಕಚೇರಿಯ ಜಾವಕ ಪುಸ್ತಕದಲ್ಲಿ ಕಳಿಸಿದವಳೂ ಪಡೆದವಳೂ ಒಬ್ಬಳೇ ಆದ ಕಾಗದ ಅದೊಂದೇ ಇರಬೇಕು.

ನಾಲ್ಕು ದಿನ ಸುತ್ತಿ ಹನ್ನೊಂದು ಮಕ್ಕಳನ್ನೂ ಹುಡುಕಿದೆವು. ಇಬ್ಬರು ನಿಜವಾಗಿ ಗೋವಾದಲ್ಲಿದ್ದರು. ಅವರಲ್ಲಿ ಒಬ್ಬ ಅಲ್ಲಿಯೇ ಶಾಲೆಗೆ ಸೇರಿ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಓದುತ್ತಿದ್ದ. ಮೂವರು ಬರುವುದಿಲ್ಲ ಎಂದರು. ಗ್ರಾನೈಟ್ ಪಾಲಿಶ್ ಮಾಡುವಲ್ಲಿದ್ದ ಒಬ್ಬ ಹುಡುಗನಂತೂ, ಶಾಲೆಗಿಂತ ಇಲ್ಲಿ ಬೈಗುಳ ಕಡಿಮೆ ಎಂದು ಸಾಹೇಬರ ಮುಖದ ಮೇಲೇ ಹೇಳಿದ. ಸಾಹೇಬರು ಜೀಪಿನಲ್ಲಿ ದಾರಿಯುದ್ದಕ್ಕೂ ಆ ಮಾತನ್ನು ಜಗಿಯುತ್ತ ಬಂದರು. ಒಬ್ಬ ಹುಡುಗಿಗೆ ಮದುವೆ ಮಾಡಿಬಿಟ್ಟಿದ್ದರು. ಆ ಕಡತ ಬೇರೆ ಇಲಾಖೆಗೆ ಹೋಯಿತು, ಹುಡುಗಿ ಮಾತ್ರ ಶಾಲೆಗೆ ಮರಳಲಿಲ್ಲ. ಸಿಕ್ಕಾ ಹೊಡೆದ ಆ ದಿನವೇ ನಾನು ಎದ್ದು ಹೋಗಿದ್ದರೆ ಮದುವೆಗೆ ಇನ್ನೂ ಎಂಟು ದಿನ ಇತ್ತು. ಅದನ್ನು ಯಾವ ನೋಟಿಸಿನಲ್ಲೂ ಯಾರೂ ನನ್ನನ್ನು ಕೇಳಲಿಲ್ಲ.

ಐವರು ಮರಳಿ ಬಂದರು. ಅಕ್ಕನಾಗಮ್ಮ ಮೊದಲ ದಿನ ಬರುವಾಗ ಗಂಗವ್ವ ತಾನೇ ಜೊತೆಗೆ ಬಂದು, ನೂಲು ಸುತ್ತುವವರು ಯಾರೂ ಇಲ್ಲದಂತಾಯಿತು ಎಂದು ನನ್ನನ್ನು ಬೈದು, ಹುಡುಗಿಯನ್ನು ತರಗತಿಯ ಬಾಗಿಲವರೆಗೆ ಬಿಟ್ಟು ಹೋದಳು.

ಮಗ್ಗದ ಎಳೆ ಎಣಿಸುವ ಹುಡುಗಿಗೆ ಗಣಿತ ತಾನಾಗಿ ಬರುತ್ತದೆ ಎಂದು ಭಾಷಣ ಮಾಡುವವರಿದ್ದಾರೆ. ಬರುವುದಿಲ್ಲ. ಅಕ್ಕನಾಗಮ್ಮ ಗಣಿತದಲ್ಲಿ ಬಿದ್ದಳು. ಮರಳಿ ಬಂದ ಐವರಲ್ಲಿ ಮೂವರು ಪಾಸಾದರು, ಇಬ್ಬರು ಬಿದ್ದರು. ಹೆಡ್ ಮಾಸ್ತರರ ನೂರು ಹೋಯಿತು, ಶಾಲು ಪಕ್ಕದ ಹಳ್ಳಿಯವರ ಹೆಗಲೇರಿತು. ನಮ್ಮ ತಾಲೂಕು ಜಿಲ್ಲೆಯ ಪಟ್ಟಿಯಲ್ಲಿ ಕೆಳಗೆ ಬಂತು. ಬಾಗಲಕೋಟೆಯ ಸಭೆ ನಮ್ಮ ಅಂಕಿಯನ್ನು ಈ ಸಲ ಮೂರು ಬಾರಿ ಮರುಕೂಡಿಸಿತು. ಸರಿಯಾಗಿಯೇ ಇತ್ತು. ಕಚೇರಿಯಲ್ಲಿ ಕೆಲವರು ನನ್ನೊಡನೆ ಮಾತು ಬಿಟ್ಟರು. ಒಂದು ಹುಡುಗಿಗಾಗಿ ಇಡೀ ತಾಲೂಕಿನ ಮರ್ಯಾದೆ ಕಳೆದವಳು ಎಂದು ನನ್ನ ಹೆಸರಾಯಿತು. ಶಿಕ್ಷೆ ಎಂದು ನನಗೆ ಬಂದದ್ದು ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ. ಅದನ್ನು ಬರೆದ ಅಕ್ಷರ ದುಂಡಗಿತ್ತು, ತಪ್ಪಿರಲಿಲ್ಲ.

ಹುಡುಗಿ ಎರಡನೆಯ ಸಲವೂ ಬಿದ್ದಳು. ಇನ್ನು ಸಾಕು ಎಂದು ಶಾವಂತ್ರವ್ವ ಹೇಳಿದಳೆಂದು ಕೇಳಿ ಮೂರನೆಯ ಪರೀಕ್ಷೆಗೆ ಕಟ್ಟಿಸಲು ನಾನು ಊರಿಗೆ ಹೋದೆ. ಹುಡುಗಿ ಮನೆಯಲ್ಲಿರಲಿಲ್ಲ. ಎಲ್ಲಿ ಎಂದರೆ ಶಾಲೆಯಲ್ಲಿ ಎಂದರು. ಮಧ್ಯಾಹ್ನದ ಹೊತ್ತು, ಶಾಲೆಗೆ ರಜೆ. ಹೋಗಿ ನೋಡಿದರೆ ಕಟ್ಟೆಯ ಮೇಲೆ ನೂರರ ಮಾಸ್ತರು ಕೂತು ಅಕ್ಕನಾಗಮ್ಮನಿಗೂ ಬಿದ್ದ ಇನ್ನೊಬ್ಬ ಹುಡುಗನಿಗೂ ಗಣಿತ ಹೇಳುತ್ತಿದ್ದರು. ನನ್ನನ್ನು ನೋಡಿ ಸೀಮೆಸುಣ್ಣ ಕೆಳಗಿಟ್ಟರು. ತಿಂಗಳಿನಿಂದ ದಿನಾ ಹೀಗೆ ನಡೆದಿದೆ ಎಂದು ಹುಡುಗ ಹೇಳಿದ. ನಾನೂ ಕಟ್ಟೆಯ ತುದಿಗೆ ಕೂತೆ. ಮಾಸ್ತರರೇ ಹೇಳಿದರು:

"ಈ ವರ್ಷ ಸನ್ಮಾನ ಇಲ್ಲಲ್ರಿ ಮೇಡಂ. ಹೊತ್ತು ಭಾಳ ಉಳದೈತಿ."

ಮೂರನೆಯ ಸಲ ಅವಳಿಗೆ ಗಣಿತದಲ್ಲಿ ಮೂವತ್ತೈದು ಬಂತು. ಒಂದು ಅಂಕ ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಅಷ್ಟು ಹೊತ್ತಿಗೆ ಆ ವರ್ಷದ ತಖ್ತೆ ಮುಗಿದು, ಜಿಲ್ಲೆಗೆ ಹೋಗಿಯಾಗಿತ್ತು. ತಡವಾಗಿ ಪಾಸಾದವರಿಗೆ ನನ್ನ ತಖ್ತೆಯಲ್ಲಿ ಅಂಕಣವೇ ಇರಲಿಲ್ಲ. ಶಾಲೆಯ ಫಲಿತಾಂಶ ಕಡಿಮೆ ಮಾಡಿದವಳಾಗಿ ಅವಳು ದಾಖಲೆಯಲ್ಲಿದ್ದಾಳೆ. ಪಾಸಾದವಳಾಗಿ ಎಲ್ಲೂ ಇಲ್ಲ. ಹೊಸದಾಗಿ ಈ ಮೇಜಿಗೆ ಬರುವವರು ಸಾಧ್ಯವಾದರೆ ಒಂದು ಅಂಕಣ ಹೆಚ್ಚು ಹಾಕಿಸಿ. ನಾನು ಮೂರು ಸಲ ಬರೆದು ಕೇಳಿದೆ, ಕಾಗದದಲ್ಲಿ ಜಾಗವಿಲ್ಲ ಎಂದು ಉತ್ತರ ಬಂತು. ಆಗ ತಖ್ತೆ ಕಾಗದದ ಮೇಲಿರಲೂ ಇಲ್ಲ, ಕಂಪ್ಯೂಟರಿನಲ್ಲಿತ್ತು.

ಅಕ್ಕನಾಗಮ್ಮ ಪಿಯುಸಿ ಮುಗಿಸಿದಳು, ಮುಂದೆ ಓದಲಿಲ್ಲ. ಈಗ ಇಳಕಲ್ಲಿನಲ್ಲೇ ಸ್ವಂತ ಮಗ್ಗ ಹಾಕಿದ್ದಾಳೆ. ಫೋನಿನಲ್ಲಿ ಸೀರೆಯ ಫೋಟೋ ಕಳಿಸಿ ಮಾರುತ್ತಾಳೆ. ಆ ಸರ್ಟಿಫಿಕೇಟು ಏನಾದರೂ ಕೆಲಸಕ್ಕೆ ಬಂತೇ ಎಂದು ಒಮ್ಮೆ ಕೇಳಿದೆ. ಕೆಲಸಕ್ಕೇನೂ ಬಂದಿಲ್ಲ, ಆದರೆ ಬ್ಯಾಂಕಿನಲ್ಲಿ ಫಾರಂ ತುಂಬುವಾಗ ವಿದ್ಯಾಭ್ಯಾಸ ಎಂಬಲ್ಲಿ ಪೆನ್ನು ನಿಲ್ಲುವುದಿಲ್ಲ ಎಂದಳು.

ನನ್ನ ಕುರ್ಚಿಗೆ ಈಗ ಸುಮಾ ಎಂಬ ಹುಡುಗಿ ಬಂದಿದ್ದಾಳೆ. ಕಂಪ್ಯೂಟರಿನಲ್ಲಿ ಅವಳ ಬೆರಳು ಓಡುವುದನ್ನು ನೋಡಿದರೆ ನನಗೆ ತಲೆ ತಿರುಗುತ್ತದೆ. ಹೋದ ತಿಂಗಳು ಮುಂಜಾನೆ ಫೋನು ಮಾಡಿದಳು. ಒಂಬತ್ತನೆಯ ತರಗತಿಯ ಒಂದು ಹುಡುಗಿ ಎರಡು ವಾರದಿಂದ ಶಾಲೆಗೆ ಬರುತ್ತಿಲ್ಲ, ಯಂತ್ರ ಕೆಂಪು ಗುರುತು ತೋರಿಸುತ್ತಿದೆ, ಸಂಜೆಯೊಳಗೆ ಕಾರಣ ತುಂಬಬೇಕು, ಯಾವುದನ್ನು ಒತ್ತಲಿ ಎಂದು ಕೇಳಿದಳು. ಯಾವ ಊರು ಎಂದೆ. ಹೇಳಿದಳು. ಆ ಊರಿಗೆ ಹತ್ತೂವರೆಗೆ ಬಸ್ಸಿದೆ, ಕಂಡಕ್ಟರನಿಗೆ ಹೇಳಿದರೆ ಶಾಲೆಯ ಮುಂದೆಯೇ ನಿಲ್ಲಿಸುತ್ತಾನೆ ಎಂದೆ. ಸುಮಾಳಿಗೆ ಇಷ್ಟವಾಗಲಿಲ್ಲ, ಬಿಸಿಲು, ಕೆಲಸ, ಸಾಹೇಬರ ಸಭೆ ಎಂದು ಗೊಣಗಿದಳು. ನಾನು ಫೋನು ಇಟ್ಟೆ.

ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಅವಳದೇ ಫೋನು. ಹಿಂದೆ ಕೋಳಿ ಕೂಗುತ್ತಿತ್ತು.

"ಮೇಡಂ, ಹುಡುಗಿ ಮನ್ಯಾಗ ಅದಾಳ್ರಿ. ತಾಯಿಗೆ ಜಡ್ಡಂತ. ಹಿತ್ತಲದಾಗ ಎಮ್ಮಿ ಮೈ ತೊಳ್ಯಾಕ್ಹತ್ತಾಳ. ಈಗ ನಾ ಯಾವ ಕಾರಣ ಹಾಕಲ್ರಿ?"

"ಹುಡುಗಿ ನಿನ್ನ ಮುಂದ ಅದಾಳಿಲ್ಲೊ?"

"ಅದಾಳ್ರಿ."

"ಹಂಗಾರ ನನ್ನ ಜೋಡಿ ಯಾಕ ಮಾತಾಡ್ತಿ? ಫೋನ್ ಇಡು."